ಎರಡಕ್ಷರಕ್ಕೆ ಹೆದರುವ ಬಿಡಿಸಯ್ಯ

ಚೀಟಿ ಕೈಗೆ ಬಂದೊಡನೆ ಅದರ ಮೇಲಿನ ಅಕ್ಷರಗಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು ಆತನ ಅಭ್ಯಾಸ. ಹಿಡಿತ ಸಡಿಲಿಸಿದರೆ ಚೇಳಿನ ಹಾಗೆ ಎಲ್ಲಿ ಹರಿದು ಅಂಗೈಗೆ ಕುಟುಕುವವೋ ಎಂಬಂತೆ. ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ನಿಂತ ಆ ಕಂಪೌಂಡರಿಗೆ ತಾಯಿತಂದೆ ಇಟ್ಟ ಹೆಸರು ಏನಿತ್ತೋ, ನಮ್ಮೆಲ್ಲರ ಬಾಯಲ್ಲಿ ಆತ ಬಿಡಿಸಯ್ಯ. "ಬಿಡಿಸಿ ಬರೀರಿ" ಎಂದು ನಾಲ್ಕು ಚೀಟಿಗಳನ್ನಾದರೂ ಹಿಂದಕ್ಕೆ ಕಳಿಸದೆ ಆತನ ದಿನ ಮುಗಿಯುತ್ತಿರಲಿಲ್ಲ.

"ಅವನ ಮುಂದೆ ಅಮ್ಮ ಅಂತ ಬರೆದಿಟ್ರೂ, ಯಾರಮ್ಮ ಅಂತ ಕೇಳ್ತಾನೆ ಕಣೇ!" ಎಂದು ನರ್ಸುಗಳು ನಗುತ್ತಿದ್ದರು.

ನಾನು ಪಕ್ಕದ ಬಟ್ಟೆಕೋಣೆಯಲ್ಲಿ ಚಾದರಗಳಿಗೆ ವಾರ್ಡಿನ ಗುರುತು ಹೊಲಿಯುವವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಕಿವಿಯೇ ಪುಸ್ತಕ. ಗಂಡಸರ ಆಪರೇಷನ್ ವಾರ್ಡಿನ ಚಾದರಕ್ಕೆ ಕೆಂಪು ದಾರದಲ್ಲಿ ನಾನು ಹೊಲಿಯುತ್ತಿದ್ದ 'ಎಂ.ಎಸ್.' ಎಂಬ ಎರಡಕ್ಷರವೇ ದೊಡ್ಡ ಸಾಹೇಬರ ಬಾಗಿಲ ಮೇಲೆ ಅವರ ಅಧಿಕಾರ, ಸರ್ಜನ್ನರ ಹೆಸರಿನ ಬಾಲದಲ್ಲಿ ಅವರ ಓದು, ಎದೆಯ ವಾರ್ಡಿನಲ್ಲಿ ಕಿರಿದಾದ ಹೃದಯದ ಕವಾಟ, ನರದ ವಾರ್ಡಿನಲ್ಲಿ ಕೈಕಾಲು ಸೋಲಿಸುವ ರೋಗ. ಒಂದಕ್ಕೊಂದು ನಂಟಿಲ್ಲ, ಹೆಸರೊಂದೇ. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಬಿಡಿಸಯ್ಯನ ಬೀರುಗಳಲ್ಲೂ ಆ ಹೆಸರಿನ ಮದ್ದು ಎರಡಿದ್ದವು. ಒಂದು, ಬಸುರಿಯ ಫಿಟ್ಸ್ ತಡೆಯುವ ಮೆಗ್ನೀಷಿಯಂ. ಇನ್ನೊಂದು, ಆಪರೇಷನ್ನಿನ ನೋವು ಅಡಗಿಸುವ, ಹದ ತಪ್ಪಿದರೆ ಉಸಿರನ್ನೂ ಅಡಗಿಸುವ ಮಾರ್ಫಿನ್.

ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದ ಆತನ ಮೊಣಕಾಲುದ್ದದ ಬಿಳಿ ಕೋಟಿಗೆ ಜೇಬೇ ಇರಲಿಲ್ಲ. ಇದ್ದ ಮೂರನ್ನೂ ನನ್ನಿಂದಲೇ ಹೊಲಿಸಿ ಮುಚ್ಚಿಸಿದ್ದ. "ಜೇಬಿಗೆ ಹೋದದ್ದು ಮರವೆಗೆ ಹೋದಂಗೆ ಅಕ್ಕಾ" ಎನ್ನುತ್ತಿದ್ದ. ಇಷ್ಟೊಂದು ಪುಕ್ಕಲುತನ ಯಾಕಪ್ಪಾ ಎಂದು ಒಮ್ಮೆ ಕೇಳಿದ್ದೆ. ಹೊಸದರಲ್ಲಿ ಒಂದು ಮದ್ದಿಗೆ ಇನ್ನೊಂದನ್ನು ಕೊಟ್ಟಿದ್ದನಂತೆ. ಸೂಜಿ ಚುಚ್ಚುವ ಮುನ್ನ ನರ್ಸು ಕಂಡು, ಸದ್ದಿಲ್ಲದೆ ಬದಲಾಯಿಸಿಕೊಂಡಳಂತೆ.

"ಏನಾದ್ರೂ ಆಗಿದ್ರೆ ಎಲ್ಲರೂ ಹೆದರ್ತಿದ್ರು. ಏನೂ ಆಗ್ಲಿಲ್ಲ ನೋಡಿ, ನಾನೊಬ್ಬನೇ ಹೆದರ್ಬೇಕಾಯ್ತು."

ಆ ಭಯ ನನ್ನ ಮನೆಗೇ ಬಂದದ್ದು ಒಂದು ಮಧ್ಯಾಹ್ನ. ಹೆರಿಗೆ ವಾರ್ಡಿಗೆ ಸುಣ್ಣ ಹೊಡೆಯುತ್ತಿದ್ದರೆಂದು ಬಸುರಿಯರನ್ನು ಹೆಂಗಸರ ಆಪರೇಷನ್ ವಾರ್ಡಿನ ಮೂಲೆಗೆ ಪರದೆ ಕಟ್ಟಿ ಮಲಗಿಸಿದ್ದರು. ಅವರಲ್ಲಿ ನನ್ನ ಕಿರಿಮಗಳೂ ಒಬ್ಬಳು. ರಕ್ತದೊತ್ತಡ ಏರಿ, ಕಣ್ಣುಗುಡ್ಡೆ ಮೇಲಾಗಿ, ಒಮ್ಮೆ ಮೈಯೆಲ್ಲ ಸೆಟೆದು ಬಿದ್ದಳು. ಮರಿ ಡಾಕ್ಟರು ಕೈಗೆ ಸಿಕ್ಕ ಆ ವಾರ್ಡಿನ ಮುದ್ರೆಯ ಚೀಟಿಯ ಮೇಲೆಯೇ 'ಎಂ.ಎಸ್. 4' ಎಂದು ಗೀಚಿ, "ಓಡಮ್ಮಾ!" ಎಂದ. ಓಡಿದೆ.

ಕಿಟಕಿಯಲ್ಲಿ ಹೆಬ್ಬೆರಳು ಅಕ್ಷರಗಳ ಮೇಲೆ ಕೂತಿತು. "ಬಿಡಿಸಿ ಬರೆಸ್ಕೊಂಡು ಬನ್ನಿ."

"ಫಿಟ್ಸ್ ಬರ್ತಿದೆ ಕಣೋ ನನ್ನ ಮಗಳಿಗೆ, ಹೆರಿಗೆ! ಗೊತ್ತಾಗಲ್ವಾ ನಿಂಗೆ?"

ಆತನ ಮುಖ ಸುಣ್ಣದಂತಾಯಿತು. ಫೋನು ಎತ್ತಿದ, ಅತ್ತ ಯಾರೂ ಎತ್ತಲಿಲ್ಲ.

"ಗೊತ್ತು ಅನ್ಕೊಂಡೇ ಆವತ್ತೂ ಕೊಟ್ಟಿದ್ದು ಅಕ್ಕಾ" ಎಂದವನೇ, ಆಚೆ ಬೀರುವಿನಿಂದ ಒಂದು ಡಬ್ಬಿ ಎಳೆದುಕೊಂಡು, ಕಾಲೆಳೆಯುತ್ತ ನನಗಿಂತ ಮುಂದೆ ಓಡಿದ. ವಾರ್ಡಿನಲ್ಲಿ ಡಾಕ್ಟರು ಕೈಚಾಚಿದರೂ ಡಬ್ಬಿ ಬಿಡಲಿಲ್ಲ.

"ಬಾಯಿಬಿಟ್ಟು ಪೂರ್ತಿ ಹೆಸರು ಹೇಳಿ ಸಾರ್."

"ಮೆಗ್ನೀಷಿಯಂ ಕಣಯ್ಯಾ, ನಾಲ್ಕು ಗ್ರಾಂ! ಕೊಡು ಇಲ್ಲಿ!"

ಡಬ್ಬಿ ಕೈದಾಟಿ ಸೂಜಿಗೆ ಮದ್ದು ತುಂಬುವಷ್ಟರಲ್ಲಿ ಮಗಳಿಗೆ ಎರಡನೇ ಸಲ ಫಿಟ್ಸ್ ಬಂತು. ಮಂಚದ ಕಬ್ಬಿಣ ಗಡಗಡ ಅದುರಿತು. "ನನ್ನ ಮಗಳನ್ನ ಕೊಂದೆ ನೀನು!" ಎಂದು ಎಲ್ಲರೆದುರು ಆತನ ಕೋಟು ಹಿಡಿದು ಜಗ್ಗಿದೆ. ಆತ ತಲೆ ತಗ್ಗಿಸಿ, "ನಾಲ್ಕು ನಿಮಿಷ ತಡ ಆಯ್ತು, ಗೊತ್ತು" ಎಂದ. ಅವಳ ಉಸಿರು ನೆಟ್ಟಗಾಗುವ ತನಕ ಬಾಗಿಲು ಬಿಟ್ಟು ಕದಲಲಿಲ್ಲ.

ಮಗಳು ಉಳಿದಳು; ಸಂಜೆಗೆ ಮಗು ಅತ್ತಿತು. ಅವಸರದಲ್ಲಿ ಕಿಟಕಿಯಲ್ಲೇ ಬಿಟ್ಟುಬಂದಿದ್ದ ನನ್ನ ಕೈಚೀಲಕ್ಕೆಂದು ಹೋದಾಗ ಅದರ ಪಕ್ಕ ತಟ್ಟೆಯಲ್ಲಿ ಮದ್ದಿನ ಸಣ್ಣ ಗಾಜಿನ ಸೀಸೆಯೊಂದು ಹಾಗೇ ಇತ್ತು. ಏನದು ಎಂದೆ. ಬಿಡಿಸಯ್ಯ ಅದರ ಚೀಟಿಯ ಮೇಲೆ ಹೆಬ್ಬೆರಳು ಒತ್ತಿದ.

"ಮಾರ್ಫಿನ್. ನೀವು ಫಿಟ್ಸ್ ಅನ್ನೋಕೆ ಮುಂಚೆ, ವಾರ್ಡಿನ ಮುದ್ರೆ ನೋಡಿ ಮೊದಲು ಕೈ ಹೋಗಿದ್ದು ಇದಕ್ಕೇ."



ಧೈರ್ಯವಂತರದು ಜನರ ಬಾಯಲ್ಲಿ ಕಥೆಯಾಗುತ್ತದೆ. ಹೆದರುವವರಿಗೆ ಕಥೆಯೇ ಇರುವುದಿಲ್ಲ: ಅವರು ತಡೆದದ್ದು ನಡೆಯಲೇ ಇಲ್ಲವಲ್ಲ, ಕಣ್ಣಿಗೆ ಕಾಣುವುದು ಅವರು ಮಾಡಿದ ತಡವೊಂದೇ, ಅದಕ್ಕೆ ಬೈಗುಳ ಸುಲಭ, ನಾನೂ ಬೈದವಳೇ. ನಮ್ಮ ಪಾಲಿನ ಭಯವನ್ನು ಎಲ್ಲೋ ಒಂದು ಕಿಟಕಿಯ ಹಿಂದೆ ಯಾರೋ ಹೊತ್ತು ನಿಂತಿರುವುದರಿಂದಲೇ ನಾವು ಮಕ್ಕಳನ್ನು ಪರರ ಕೈಗೆ ಒಪ್ಪಿಸಿ ಕಣ್ಣು ಮುಚ್ಚುತ್ತೇವೆ. ಅಂಥವರು ದಣಿದು, ಒಂದು ದಿನದ ಮಟ್ಟಿಗೆ ಹೆದರುವುದನ್ನು ಬಿಟ್ಟರೆ ಏನಾದೀತೆಂದು ನೆನೆದರೆ ಈ ವಯಸ್ಸಿನಲ್ಲೂ ನಾನು ಹೊಲಿದ ಎರಡಕ್ಷರವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತೇನೆ.