ನಡುಗೋಡೆಯ ಗೆದ್ದಲು

೧೯೩೮ರಲ್ಲಿ ಹಳ್ಳಿಮೈಸೂರಿನ ಬೀರಲಿಂಗಯ್ಯ ತಮ್ಮನಿಂದ ಬೇರೆಯಾದಾಗ ಮನೆಯ ನಡುವೆ ಬಿದಿರುತಟ್ಟಿಯ ಮಣ್ಣುಗೋಡೆ ಎದ್ದಿತು. ಆಚೆಯಿಂದ ಓರಗಿತ್ತಿ ಬೆಳ್ಳಮ್ಮನ ನಗು ಕೇಳಿದಾಗಲೆಲ್ಲ ಬೀರಲಿಂಗಯ್ಯನ ಹೆಂಡತಿ ಪುಟ್ಟಲಕ್ಷ್ಮಮ್ಮನ ಹೊಟ್ಟೆ ಉರಿಯುತ್ತಿತ್ತು. ಅತ್ತೆಯ ಒಡವೆಯನ್ನು ಆಚೆಮನೆಯ ಗಂಡಹೆಂಡಿರೇ ಬಚ್ಚಿಟ್ಟುಕೊಂಡಿದ್ದಾರೆಂದು ನಂಬಿದ್ದಳು.

ಕೆಲವೇ ವರ್ಷಗಳಲ್ಲಿ ಗೆದ್ದಲು ಬಿದಿರನ್ನೆಲ್ಲ ತಿಂದು ಗೋಡೆಯನ್ನು ಟೊಳ್ಳು ಮಾಡಿತು. ಒಂದು ಬೆಳಿಗ್ಗೆ ಪುಟ್ಟಲಕ್ಷ್ಮಮ್ಮ ಗೆದ್ದಲಮಣ್ಣು ಕೆರೆಯುತ್ತಿದ್ದಾಗ ಗೋಡೆ ಕುಸಿದು ಆಳೆತ್ತರದ ಕಂಡಿ ಬಿತ್ತು.

ಆಚೆ ಒಡವೆಯೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಬೆಳ್ಳಮ್ಮನೂ ಅವಳ ಗಂಡನೂ ಎದುರುಬದುರು ಕೂತು, ಬೀಸುಕಲ್ಲಿನ ಒಂದೇ ಗೂಟ ಹಿಡಿದು ನಗುನಗುತ್ತಾ ರಾಗಿ ಬೀಸುತ್ತಿದ್ದರು.

“ಪೆಟ್ಟಾಯ್ತೇನಕ್ಕಾ?” ಎಂದು ಬೆಳ್ಳಮ್ಮ ಓಡಿಬಂದಳು.

ಬೀರಲಿಂಗಯ್ಯ ಒಂದು ದಿನವೂ ಬೀಸುಕಲ್ಲು ಮುಟ್ಟಿದವನಲ್ಲ. ಪುಟ್ಟಲಕ್ಷ್ಮಮ್ಮ ಗಂಡನನ್ನು ಕೂಗಿ, “ಇವತ್ತೇ ಗ್ವಾಡೆ ಎತ್ತುಸ್ಬುಡಿ, ಕಲ್ಲಲ್ಲೇ ಕಟ್ಸಿ” ಎಂದಳು.