ಕದ್ದವರ ಬಳಿ ಇರುವ ನಕಲು

ಮೂಡುಬಿದಿರೆಯ ಮಹಿಳಾ ಆಪ್ತಸಲಹಾ ಕೇಂದ್ರದ ಕಂಪ್ಯೂಟರಿನ ಫೈಲುಗಳಿಗೆ ಹೊಸ ಬೀಗ, ಅಂದರೆ ಬೇರೆಯವರು ಓದಲಾಗದ ಗೂಢಲಿಪಿ, ಹಾಕುವ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಹರಿಪ್ರಸಾದ್ ಬಿಟ್ಟಿಯಾಗಿ ಬಂದಿದ್ದ. ಅವನು ತಂದ ಸಾಫ್ಟ್‌ವೇರೂ ಬಿಟ್ಟಿಯದೇ. ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ ಬಳಸಬಹುದಾದ ಓಪನ್ ಸೋರ್ಸ್. ನಾಳೆ ಬರಲಿರುವ ಕ್ವಾಂಟಮ್ ಕಂಪ್ಯೂಟರುಗಳು ಈಗಿನ ಬೀಗಗಳನ್ನು ಒಡೆಯಬಹುದಂತೆ. ಹಾಗಾಗಿ ಈ ಸಾಫ್ಟ್‌ವೇರ್ ಹಳೆಯ ಬೀಗ ಎಲ್ಲೆಲ್ಲಿದೆಯೆಂದು ಹುಡುಕಿ, ಪಟ್ಟಿ ಮಾಡಿ, ಒಂದೊಂದನ್ನೂ ಬದಲಿಸಿತು.

ಕೇಂದ್ರದ ಆಪ್ತಸಲಹೆಗಾರ್ತಿ ಶುಭಶ್ರೀಗೆ ಹಿಗ್ಗೋ ಹಿಗ್ಗು. ಹನ್ನೊಂದು ವರ್ಷದಿಂದ ಊರ ಹೆಂಗಸರ ಗೋಳು ಕೇಳಿ, ಫೈಲು ಬರೆದು, ಹೊರಗೆ ತುಟಿಪಿಟಿಕ್ಕೆನ್ನದೆ ಇದ್ದವಳು. ಕಟ್ಟಿಕೊಂಡ ಗಂಡನೆದುರೂ ಬಾಯಿ ಬಿಟ್ಟವಳಲ್ಲ.

"ಇನ್ನು ಎಲ್ಲ ಭದ್ರ ಅಲ್ವಾ ಹರಿ?"

ಹರಿಪ್ರಸಾದ್ ಚೀಲಕ್ಕೆ ವೈರುಗಳನ್ನು ತುಂಬತೊಡಗಿದ. "ಇಲ್ಲಿರುವುದು ಭದ್ರ ಶುಭಕ್ಕ. ಆದ್ರೆ ಮೂರು ವರ್ಷದ ಹಿಂದೆ ಯಾರೋ ನಮ್ಮ ಫೈಲುಗಳ ನಕಲು, ಆ ಆನ್‌ಲೈನ್ ಬ್ಯಾಕಪ್, ಕದ್ರಲ್ಲ, ಅದಕ್ಕೆ ಹಳೇ ಬೀಗವೇ ಉಂಟು. ಅದನ್ನು ಬದಲಿಸ್ಲಿಕ್ಕೆ ನಮ್ಮಿಂದ ಆಗುದಿಲ್ಲ. ಇವತ್ತು ಅವರಿಂದ ತೆರೀಲಿಕ್ಕೆ ಆಗ್ಲಿಕ್ಕಿಲ್ಲ. ಹತ್ತು ವರ್ಷ ಕಳೆದ್ರೆ ಆದೀತು."

"ಯಾರಿಂದಲೂ ಆಗುದಿಲ್ಲ ಅಂತ ಆಗ ನೀನೇ ಹೇಳಿದ್ದಲ್ವಾ ಮಾರಾಯ!"

"ಹೇಳಿದ್ದೆ," ಎಂದ ಅವನು. ತಲೆ ಎತ್ತಲಿಲ್ಲ.

ಕಳ್ಳರ ತಾಳ್ಮೆ ನೋಡಿ! ಇವತ್ತು ತೆರೆಯಲಾಗದ್ದನ್ನೂ ನಾಳೆಗಿರಲಿ ಎಂದು ಎತ್ತಿಟ್ಟುಕೊಳ್ಳುತ್ತಾರೆ. ಇತ್ತ ಶುಭಶ್ರೀ ಆ ಒಂದು ಮಾತನ್ನು ನಂಬಿ ಕಳುವಾದ ಫೈಲುಗಳ ಮೂವತ್ತೆಂಟು ಹೆಂಗಸರಿಗೆ ಏನೂ ಆಗದೆಂದು ಧೈರ್ಯ ಹೇಳಿಬಿಟ್ಟಿದ್ದಳು. ಈಗ ಮೊದಲು ನೆನಪಾದವಳು ತೋಡಾರಿನ ನೀಲಾವತಿ. ಅವಳ ಮಗಳು ವಿಸ್ಮಿತಾ ಗಂಡನಿಗೆ ಹುಟ್ಟಿದವಳಲ್ಲ, ಮೈದುನನ ಬಲಾತ್ಕಾರಕ್ಕೆ ಹುಟ್ಟಿದವಳು. ಮಗು ಅವನನ್ನು ಚಿಕ್ಕಪ್ಪ ಎನ್ನುತ್ತದೆ. ಗಂಡನಿಗೂ ಗೊತ್ತಿಲ್ಲ. ಹತ್ತು ವರ್ಷ ಕಳೆದರೆ ವಿಸ್ಮಿತಾಳಿಗೆ ಹದಿನೆಂಟು.

ಹೇಳದೆ ಸುಮ್ಮನಿರಬಹುದಿತ್ತು, ಕೇಳುವವರು ಯಾರು? ಆದರೆ ಗೊತ್ತಿಲ್ಲದೆ ಹೇಳಿದ ಸುಳ್ಳನ್ನು ಗೊತ್ತಿದ್ದೂ ಉಳಿಸಿಕೊಳ್ಳಲು ಅವಳ ಮನಸ್ಸು ಒಪ್ಪಲಿಲ್ಲ. ಮರುದಿನ ಮಧ್ಯಾಹ್ನ ಬಸ್ಸು ಹತ್ತಿ ತೋಡಾರಿನಲ್ಲಿಳಿದಳು.

ನೀಲಾವತಿಯದು ರಸ್ತೆ ಬದಿಯ ಹೊಲಿಗೆ ಅಂಗಡಿ. ಶುಭಶ್ರೀಯನ್ನು ಕಂಡು ಸಂತೋಷದಿಂದ ಎದ್ದು ಸ್ಟೂಲು ಕೊಟ್ಟಳು. ಕ್ವಾಂಟಮ್ ಗಿಂಟಮ್ ಎಲ್ಲ ಬಿಟ್ಟು ಶುಭಶ್ರೀ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಓದಿಯೇ ಓದ್ತಾರೆ ಅಂತಲ್ಲ ನೀಲಾವತಿ. ಓದ್ಲಿಕ್ಕೆ ಆಗ್ಬಹುದು. ಮಗಳಿಗೆ ನಾವೇ ಯಾವಾಗ, ಹೇಗೆ ಹೇಳುದು ಅಂತ ಯೋಚನೆ ಮಾಡುವ. ನಾನು ಜೊತೆಗಿರ್ತೇನೆ."

ನೀಲಾವತಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹೆತ್ತ ಅಮ್ಮನ ಹತ್ರ ಹೇಳಿದವಳಲ್ಲ ನಾನು. ನಿಮ್ಮ ಹತ್ರ ಬಾಯಲ್ಲಿ ಹೇಳಿದ್ದು ಅಕ್ಕ. ಬರೆದದ್ದು ನೀವು."

ಪ್ರತಿ ಭೇಟಿಯನ್ನೂ ಬರೆದಿಡಬೇಕೆಂಬ ಕೇಂದ್ರದ ನಿಯಮ ಶುಭಶ್ರೀಯ ನಾಲಗೆ ತುದಿಗೆ ಬಂತು. ಅದನ್ನು ಹೇಳಲು ನಾಚಿಕೆಯಾಯಿತು.

"ಹೌದು," ಎಂದಳು. "ನಾನೇ ಬರೆದದ್ದು."

ನೀಲಾವತಿ ಗೋಡೆಯ ಗಡಿಯಾರ ನೋಡಿದಳು. "ವಿಸ್ಮಿತಾ ಶಾಲೆಯಿಂದ ಬರುವ ಹೊತ್ತಾಯ್ತು. ನೀವು ಹೋಗಿ ಅಕ್ಕ. ನೋಡಿದ್ರೆ ಇವರು ಯಾರು ಅಂತ ಕೇಳ್ತಾಳೆ."

ಶುಭಶ್ರೀ ರಸ್ತೆ ದಾಟಿ ಬಸ್ಸಿಗೆ ಕಾದಳು. ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡ ಎಂಟು ವರ್ಷದ ಹುಡುಗಿಯೊಬ್ಬಳು ಎದುರಿನಿಂದ ಬಂದು ಅವಳನ್ನು ನೋಡಿ ನಕ್ಕಳು. ಶುಭಶ್ರೀ ಮುಖ ತಿರುಗಿಸಿಕೊಂಡಳು.