ಇನ್ನೊಬ್ಬರಿಗೆ ಒಗ್ಗದ ಬಂದೂಕು

ಬೆಳಕು ಹರಿಯುವ ಮುಂಚೆ ಆರ್ಡಿಸ್ ಸ್ಕೋಗೆನ್ ಒಲೆಗೆ ಸೌದೆ ತುಂಬಿ, ಕಾಫಿಗೆ ನೀರಿಟ್ಟು, ಒಲೆಯ ಬದಿಯ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದ ತಬ್ಬಲಿ ಕುರಿಮರಿಗಳಿಗೆ ಶೀಶೆಯಲ್ಲಿ ಹಾಲು ಕುಡಿಸಿ, ಅಣ್ಣನ ಹಳೆಯ ಕ್ಯಾನ್ವಾಸ್ ಕೋಟನ್ನು ತೋಳು ಮಡಿಸಿ ತೊಟ್ಟು, ಕೊಟ್ಟಿಗೆಗೆ ಹೋಗಿ, ಈಯಲಾರದೆ ನರಳುತ್ತಿದ್ದ ಕುರಿಯ ಒಳಗೆ ಎಡಗೈ ತೂರಿಸಿ ಮರಿಯ ಕಾಲು ಹುಡುಕಿ ಎಳೆದು, ತೊಟ್ಟಿಯ ನೀರಿನ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಕೊಡಲಿಯ ಹಿಂಬದಿಯಿಂದ ಒಡೆದು, ಮರಳಿ ಬಂದು ಕೈ ತೊಳೆದು, ಹಿಂದಿನ ಸಂಜೆ ನಾದಿಟ್ಟ ಹಿಟ್ಟನ್ನು ಬ್ರೆಡ್ಡಿಗೆಂದು ಒಲೆಯೊಳಗೆ ಸರಿಸಿ, ಇಷ್ಟೆಲ್ಲ ಆದ ಮೇಲೆ, ಸೂರ್ಯ ಇನ್ನೂ ಹುಟ್ಟದಿರುವಾಗ, "ಸರಿ, ಇನ್ನು ದಿನ ಶುರು ಮಾಡೋಣ" ಎನ್ನುತ್ತಿದ್ದಳು. ತಮಾಷೆಗೆ ಹೇಳುತ್ತಿದ್ದ ಮಾತಲ್ಲ ಅದು. ಅಲ್ಲಿಯವರೆಗಿನದನ್ನು ಕೆಲಸವೆಂದು ಆ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳೂ ಹಿಡಿದಿರಲಿಲ್ಲ.

ಎಲ್ಲವನ್ನೂ ಅವಳು ಎಡಗೈಯಲ್ಲೇ ಮಾಡುತ್ತಿದ್ದಳು. ಆದರೆ ಎಡಗೈಗೆಂದು ಮಾಡಿದ ಒಂದೇ ಒಂದು ವಸ್ತು ಆ ಮನೆಯಲ್ಲಿರಲಿಲ್ಲ. ಸಾರು ಬಡಿಸುವ ಸೌಟಿನ ತುಟಿ ತಪ್ಪು ಬದಿಗಿತ್ತು. ಅವಳು ಮಣಿಕಟ್ಟನ್ನು ಒಳಕ್ಕೆ ತಿರುಚಿ, ಮೊಣಕೈ ಎತ್ತಿ ಬಡಿಸುತ್ತಿದ್ದಳು. ಡಬ್ಬಿ ತೆರೆಯುವ ಯಂತ್ರವನ್ನು ತಲೆಕೆಳಗಾಗಿ ಹಿಡಿಯುತ್ತಿದ್ದಳು. ಕತ್ತರಿಯಿಂದ ಬಟ್ಟೆ ಕತ್ತರಿಸುವಾಗ ಗೆರೆ ಕಾಣಲೆಂದು ಇಡೀ ಮೈಯನ್ನೇ ಮೇಜಿನ ಮೇಲೆ ಬಾಗಿಸುತ್ತಿದ್ದಳು. ಹೀಗೆ ತಿರುಚಿ ತಿರುಚಿ ಅವಳ ಎಡ ಹೆಗಲು ತುಸು ಮೇಲಕ್ಕೇರಿ, ತಲೆ ಅದರತ್ತ ವಾಲಿ, ಪಕ್ಕದಲ್ಲಿ ಯಾರೋ ಗುಟ್ಟು ಹೇಳುತ್ತಿರುವಂತೆ, ಅವಳು ಕೇಳುತ್ತ ಹೋಗುತ್ತಿರುವಂತೆ ಕಾಣುತ್ತಿತ್ತು. ನಮ್ಮೂರಿನವರು ಅದನ್ನು ಆರ್ಡಿಸಳ ನಡಿಗೆ ಎನ್ನುತ್ತಿದ್ದರು, ಹುಟ್ಟಿನಿಂದಲೇ ಬಂದದ್ದೆಂಬಂತೆ. ಏನು ಕೇಳಿದರೂ ಅವಳದು ಒಂದೇ ಉತ್ತರ: "ನೋಡೋಣ." ಮಳೆ ಬರುತ್ತಾ ಎಂದರೂ ನೋಡೋಣ, ಮೊಣಕಾಲು ಹೇಗಿದೆ ಎಂದರೂ ನೋಡೋಣ.

ತಾಯಿ ಸತ್ತ ವರ್ಷ ಅವಳು ಶಾಲೆ ಮುಗಿಸುವುದರಲ್ಲಿದ್ದಳು. ಮನೆಯಲ್ಲಿ ಇಬ್ಬರು ಅಣ್ಣಂದಿರು, ಲೈಲ್ ಮತ್ತು ಡೆಲ್ಮಾರ್. ಸೌಟು ಅವಳ ಕೈಗೆ ಬಂತು. ಕೊಟ್ಟವರು ಯಾರು ಎಂದು ಕೇಳಿದರೆ ಯಾರಿಗೂ ಹೇಳಲಾಗುತ್ತಿರಲಿಲ್ಲ. ಡೆಲ್ಮಾರ್ ಮದುವೆಯಾಗಿ ಪಟ್ಟಣಕ್ಕೆ ಹೋದ. ಲೈಲ್ ಮದುವೆಯಾಗಲಿಲ್ಲ. ಅಣ್ಣ-ತಂಗಿ ಇಬ್ಬರೇ ಆ ಬಯಲಿನಲ್ಲಿ ಕುರಿ ಸಾಕಿಕೊಂಡು ಉಳಿದರು. ಬೇಲಿಯ ಈಚೆಯ ಮನೆ ನಮ್ಮದು. ಮೊಂಟಾನಾದ ಈ ಭಾಗದಲ್ಲಿ ಬೇಲಿಯ ಈಚೆ ಎಂದರೆ, ಗಾಳಿ ನಿಂತ ದಿನ ಅವರ ಮನೆಯ ಬಾಗಿಲು ಹಾಕಿದ ಸದ್ದು ಕೇಳಿಸುವಷ್ಟು ದೂರ.

ಮನೆಯ ಕೆಳಗಿನ ಕುದುರೆಮೆಂತೆಯ ಹೊಲವೇ ಅವರ ಜೀವ. ಅದರ ಹುಲ್ಲು ಕೊಯ್ದು ಒಣಗಿಸಿಟ್ಟರೆ ಚಳಿಗಾಲದಲ್ಲಿ ಕುರಿಗಳು ಬದುಕುತ್ತವೆ. ಆ ಹೊಲಕ್ಕೆ ಗೋಫರ್‌ಗಳ ಕಾಟ. ನೆಲ ತೋಡಿಕೊಂಡು ಬದುಕುವ ಅಳಿಲುಗಳು ಅವು. ಹಿಮ ಕರಗಿದ ಕೂಡಲೆ ಬಿಲದಿಂದೆದ್ದು, ನೀರು ಕುಡಿಯುವ ಲೋಟದಷ್ಟು ಎತ್ತರಕ್ಕೆ ನೆಟ್ಟಗೆ ನಿಂತು ಸುತ್ತ ನೋಡಿ, ಚಿಗುರನ್ನೆಲ್ಲ ಬುಡಕ್ಕೆ ಕಡಿದುಹಾಕುತ್ತವೆ. ಉಳಿದ ಹುಲ್ಲನ್ನು ಕೊಯ್ಯಲು ಹೋದರೆ ಅವುಗಳ ಮಣ್ಣಿನ ಗುಡ್ಡೆಗೆ ಯಂತ್ರದ ಅಲಗು ಮುರಿಯುತ್ತದೆ. ವಿಷವಿಡುವುದನ್ನು ಆರ್ಡಿಸ್ ಹಿಂದೆಯೇ ಬಿಟ್ಟಿದ್ದಳು. ವಿಷ ತಿಂದು ಸತ್ತ ಗೋಫರನ್ನು ತಿಂದು ಅವಳ ನಾಯಿ ಅಡುಗೆಮನೆಯ ನೆಲದ ಮೇಲೆ ಸತ್ತಿತ್ತು. ಆ ನೆಲ ಒರೆಸಿದವಳೂ ಅವಳೇ. ಹಾಗಾಗಿ ಉಳಿದದ್ದು ಬಂದೂಕು.

ಬಂದೂಕು ಲೈಲ್‌ನದು. ವಸಂತದ ಬೆಳಗುಗಳಲ್ಲಿ ಅಣ್ಣ-ತಂಗಿ ಹೊಲದ ಅಂಚಿಗೆ ಒಂದು ಮೇಜು, ಎರಡು ಕುರ್ಚಿ ಒಯ್ದು ಕೂರುತ್ತಿದ್ದರು. ಕೊನೆಯ ಕೆಲವು ವರ್ಷ ಲೈಲ್‌ನ ಕೈ ನಡುಗುತ್ತಿತ್ತು. ಕಪ್ಪನ್ನೂ ಎರಡು ಕೈಯಲ್ಲಿ ಹಿಡಿಯಬೇಕಿತ್ತು. ಗುಂಡು ಹೊಡೆಯುತ್ತಿದ್ದವಳು ಆರ್ಡಿಸ್. ಬಲಗೈಯವರಿಗೆಂದು ಮಾಡಿದ ಬಂದೂಕಿನಲ್ಲಿ ಖಾಲಿ ತೋಟಾ ಹೊರಗೆಳೆದು ಹೊಸದನ್ನು ನೂಕುವ ಬೋಲ್ಟು ಬಲಕ್ಕಿರುತ್ತದೆ. ಅವಳು ಎಡಗೈಯಲ್ಲಿ ಟ್ರಿಗರ್ ಒತ್ತಿ, ಆ ಕೈಯನ್ನೇ ಬಂದೂಕಿಗೆ ಕೂರಿಸಿದ ಗುರಿ ದುರ್ಬೀನಿನ ಮೇಲಿಂದ ಆಚೆಗೆ ಹಾಯಿಸಿ ಬೋಲ್ಟನ್ನು ಎಳೆಯುತ್ತಿದ್ದಳು, ಥೇಟ್ ಸೌಟು ತಿರುಚಿದ ಹಾಗೆ. ಅಷ್ಟರಲ್ಲಿ ಕಣ್ಣು ಗುರಿಯಿಂದ ತಪ್ಪಿರುತ್ತಿತ್ತು. ಗುಂಡು ಎಲ್ಲಿ ಬಿತ್ತೆಂದು ಕಾಣುತ್ತಿರಲಿಲ್ಲ. "ಎಲ್ಲಿ ಬಿತ್ತು?" ಎಂದು ಅವಳು ಕೇಳುವಳು. ಪಕ್ಕದ ಕುರ್ಚಿಯಲ್ಲಿ ಮೂರು ಕಾಲಿನ ದುರ್ಬೀನಿಗೆ ಕಣ್ಣಿಟ್ಟ ಲೈಲ್ ಹೇಳುವನು: "ಒಂದು ಬೆರಳು ಎಡಕ್ಕೆ. ಗಾಳಿ ಎದ್ದಿದೆ." ಅವರಿಬ್ಬರ ನಡುವೆ ದಿನವಿಡೀ ನಡೆಯುತ್ತಿದ್ದ ಮಾತಿನಲ್ಲಿ ಮುಕ್ಕಾಲು ಭಾಗ ಇದೇ ಇದ್ದಿರಬೇಕು.

ಹೋದ ಶರತ್ಕಾಲದಲ್ಲಿ ಲೈಲ್ ತೀರಿಕೊಂಡ. ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತ ಗಂಡಸರು, ಈ ಬಯಲಿನಲ್ಲಿ ಅವನಂಥ ಗುರಿಕಾರ ಇನ್ನೊಬ್ಬನಿಲ್ಲ, ಈ ಬೇಸಿಗೆಯಲ್ಲೂ ಎಷ್ಟು ಹೊಡೆದ ನೋಡಿ ಎಂದು ತಲೆದೂಗುತ್ತಿದ್ದರು. ಆರ್ಡಿಸ್ ಅವರ ಕಪ್ಪುಗಳಿಗೆ ಕಾಫಿ ಸುರಿಯುತ್ತ, "ಜೋಪಾನ, ಬಿಸಿ ಇದೆ" ಎಂದಳು.

ಈ ವಸಂತದಲ್ಲಿ ಆ ಬಂದೂಕೂ ಕೈಕೊಟ್ಟಿತು. ನಳಿಗೆಯ ಒಳಭಾಗ ಸವೆದುಹೋಗಿದೆ, ಇನ್ನು ಇದು ಗೋಡೆಗೆ ತೂಗುಹಾಕಲು ಲಾಯಕ್ಕು ಎಂದ ಪಟ್ಟಣದ ಅಂಗಡಿಯ ರಾಯ್ಸ್. ಹೊಸದು ಕೊಳ್ಳಬೇಕಾಯಿತು. ಡೆಲ್ಮಾರ್ ಆಗಲೇ ಒಂದು ಮಾತು ಹೇಳಿಬಿಟ್ಟಿದ್ದ: ಈ ವರ್ಷವೂ ಹುಲ್ಲು ಕೈಗೆ ಬರದಿದ್ದರೆ ಕುರಿಗಳನ್ನು ಮಾರಿ ಅವಳು ಪಟ್ಟಣಕ್ಕೆ ಬಂದುಬಿಡಬೇಕು, ತನ್ನ ಅಡುಗೆಮನೆಯ ಹಿಂದಿನ ಕೋಣೆ ಖಾಲಿಯಿದೆ. ಅಡುಗೆಮನೆಯ ಹಿಂದಿನ ಕೋಣೆ ಎಂದರೇನೆಂದು ನನಗೂ ಗೊತ್ತು, ಆರ್ಡಿಸಳಿಗೂ ಗೊತ್ತು. ಡೆಲ್ಮಾರನ ಹೆಂಡತಿಗೆ ಸಂಧಿವಾತ, ಆ ಮನೆಗೆ ಒಂದು ಕೈ ಬೇಕಿತ್ತು. ಎಡಗೈಯಾದರೂ ನಡೆಯುತ್ತಿತ್ತು.

ಅವಳು ಬಂದೂಕಿಗೆಂದು ಅಂಗಡಿಗೆ ಹೋದ ದಿನ, ನನಗೆ ಕೋಳಿಯ ಕಾಳು ತರುವುದಿತ್ತೆಂದು ನಾನೂ ಜೊತೆಗಿದ್ದೆ. ಡೆಲ್ಮಾರ್ ಮೊದಲೇ ಬಂದು ಕೌಂಟರಿನ ಕಟ್ಟೆಗೊರಗಿ ನಿಂತಿದ್ದ. ರಾಯ್ಸ್ ಒಂದೊಂದು ಬಂದೂಕಿನ ಗುಣವನ್ನೂ ಅವನಿಗೇ ಹೇಳುತ್ತಿದ್ದ, ಆರ್ಡಿಸ್ ನಡುವೆ ಕೇಳಿದ ಪ್ರಶ್ನೆಗೂ ಅವನ ಮುಖ ನೋಡಿಯೇ ಉತ್ತರಿಸುತ್ತಿದ್ದ. ಡೆಲ್ಮಾರ್ ಆರಿಸಿದ್ದು ತೆಳು ನಳಿಗೆಯ, ಹಗುರವಾದ, ದೊಡ್ಡ ತೋಟಾದ ಬಲಗೈ ಬಂದೂಕು. ಗೋಫರಿಗೂ ಆಯಿತು, ಜಿಂಕೆಗೂ ಆಯಿತು, ಹೆಂಗಸರಿಗೆ ಹೊರಲೂ ಸುಲಭ ಎಂಬುದು ಅವನ ವಾದ.

"ಬೆಳಗ್ಗೆ ತಾನೇ ಒಂದು ಕುರೀನ ಎತ್ತಿ ಬೇಲಿ ದಾಟಿಸಿದೀನಿ, ಡೆಲ್" ಎಂದಳು ಆರ್ಡಿಸ್. "ಅದು ಬಂದೂಕಿಗಿಂತ ಹಗುರವೇನೂ ಇರ್ಲಿಲ್ಲ."

ಹಗುರದ ಬಂದೂಕು ದೊಡ್ಡ ತೋಟಾಕ್ಕೆ ಹಿಂದಕ್ಕೆ ಒದೆಯುತ್ತದೆ. ಒದ್ದರೆ ಗುರಿ ಕಣ್ಣಿನಿಂದ ಹಾರಿಹೋಗುತ್ತದೆ. ಅವಳಿಗೆ ಬೇಕಿದ್ದದ್ದು ದಪ್ಪ ನಳಿಗೆಯ, ಭಾರವಾದ, ಚಿಕ್ಕ ತೋಟಾದ ಬಂದೂಕು. ಗುಂಡು ಹಾರಿದ ಮೇಲೂ ಕದಲದೆ ಕೂತು, ಅದು ಎಲ್ಲಿ ಬಿತ್ತೆಂದು ಹೊಡೆದವಳಿಗೇ ತೋರಿಸುವಂಥದ್ದು. ಅವಳು ಇದನ್ನು ಹೇಳಿ ಮುಗಿಸಿದಾಗ ರಾಯ್ಸ್ ಮೊದಲ ಸಲ ಅವಳತ್ತ ತಿರುಗಿದ. ಸ್ವಲ್ಪ ಯೋಚಿಸಿ ಒಳಗೆ ಹೋಗಿ, ಯಾರೋ ಹೇಳಿ ತರಿಸಿ ಮತ್ತೆ ಬಾರದೇ ಹೋದ ಒಂದನ್ನು ತಂದು ಕಟ್ಟೆಯ ಮೇಲಿಟ್ಟ. ಅವಳು ಹೇಳಿದಂಥದ್ದೇ. ಅದರ ಬೋಲ್ಟು ಎಡಕ್ಕಿತ್ತು.

ಆರ್ಡಿಸ್ ಅದನ್ನು ಮರಳಿನ ಚೀಲದ ಮೇಲೆ ಆನಿಸಿ ಕಣ್ಣಿಟ್ಟಳು. ಖಾಲಿ ಬಂದೂಕಿನ ಟ್ರಿಗರ್ ಒತ್ತಿದಳು. ಅವಳ ಎಡಗೈ ತನ್ನಷ್ಟಕ್ಕೆ ಮೇಲೆದ್ದು, ದುರ್ಬೀನಿನ ಮೇಲಿಂದ ಆಚೆಗೆ ಹಾಯ್ದು, ಬಲಬದಿಯಲ್ಲಿ ತಡಕಾಡಿತು. ಅಲ್ಲಿ ಏನೂ ಇರಲಿಲ್ಲ. ಗಂಡಸರಿಬ್ಬರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಕೈ ಹಿಂತಿರುಗಿ ಬಂದು ಬೋಲ್ಟನ್ನು ಮುಟ್ಟಿದಾಗ ಅವಳ ನಗು ನಿಂತಿತು. ಕೆನ್ನೆ ಬಂದೂಕಿನ ಹಿಂಬದಿಯ ಮರದಿಂದ ಏಳಲಿಲ್ಲ, ಕಣ್ಣು ಗಾಜಿನಿಂದ ಕದಲಲಿಲ್ಲ. ಎತ್ತಿ, ಎಳೆದು, ನೂಕಿ, ಇಳಿಸಿದಳು. ಮತ್ತೊಮ್ಮೆ ಹಾಗೇ ಮಾಡಿದಳು. ಅವಳ ಎರಡು ಹೆಗಲೂ ಒಂದೇ ಎತ್ತರದಲ್ಲಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.

"ಇದನ್ನ ತಗೊಂಡು ಏನ್ ಮಾಡ್ತೀಯ?" ಎಂದ ಡೆಲ್ಮಾರ್. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. "ನನ್ ಮಗ ಟ್ರೆಂಟ್‌ಗೆ ಇದು ಒಗ್ಗಲ್ಲ. ಯಾರ್ಗೂ ಒಗ್ಗಲ್ಲ. ನಿನ್ನ ಕಾಲ ಆದ್ಮೇಲೆ ಇದು ಯಾರಿಗೆ, ಆರ್ಡಿ?"

ನಮ್ಮ ಕಡೆ ಬಂದೂಕು ಅಪ್ಪನಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಹೋಗುತ್ತದೆ. ಹೋಗಲು ಯಾರೂ ಇಲ್ಲದ ಬಂದೂಕನ್ನು ಕೊಳ್ಳುವುದೆಂದರೆ, ತನ್ನ ಹಿಂದೆ ಯಾರೂ ಇಲ್ಲವೆಂದು ಊರಿಗೆ ತಾನೇ ಸಾರಿದಂತೆ. ಆರ್ಡಿಸ್ ಬಂದೂಕನ್ನು ಕಟ್ಟೆಯ ಮೇಲಿಟ್ಟು, "ನೋಡೋಣ" ಎಂದಳು. ಏನೂ ಕೊಳ್ಳದೆ, ನನ್ನ ಕಾಳಿನ ಚೀಲವನ್ನು ಎತ್ತಿಕೊಂಡು ಹೊರಗೆ ನಡೆದಳು.

ಮರುದಿನ ನಾನು ಬೇಲಿಯ ಬಳಿ ಹೋಗಿ, ಬೇಕಿದ್ದರೆ ಬೆಳಗಿನ ಹೊತ್ತು ನಾನೇ ಪಕ್ಕದಲ್ಲಿ ಕೂತು ನೋಡಿ ಹೇಳುತ್ತೇನೆ ಎಂದೆ. ಅವಳು ನನ್ನ ಮೇಲಂಗಿಗೆ ಅಂಟಿದ ಹಿಟ್ಟು ನೋಡಿದಳು.

"ನಿನ್ನ ಒಲೆ ಮೇಲೆ ಏನಿದೆ ಈಗ?"

"ಬೀನ್ಸ್ ಬೇಯ್ತಿದೆ. ಗಂಡಸರು ಬರೋ ಹೊತ್ತು."

"ಮತ್ತೆ? ಹೋಗು, ಸೀದುಹೋಗುತ್ತೆ."

ಆ ವಾರ ಗಾಳಿ ನಿಂತ ಒಂದು ಬೆಳಗ್ಗೆ ಬಟ್ಟೆ ಒಣಹಾಕುತ್ತಿದ್ದೆ. ಅವಳು ಹೊಲದ ಅಂಚಿನಲ್ಲಿ ಹಳೆಯ ಬಂದೂಕಿನೊಂದಿಗೆ ಕೂತಿದ್ದಳು. ಎರಡು ಕುರ್ಚಿ ತಂದಿದ್ದಳು, ಅಭ್ಯಾಸಬಲ. ಗುಂಡಿನ ಸದ್ದಾಯಿತು. ಕೈ ಮೇಲಿಂದ ಹಾಯ್ದು ಬೋಲ್ಟನ್ನು ಎಳೆಯಿತು. ತಲೆ ಪಕ್ಕಕ್ಕೆ ವಾಲಿತು. ಆಗ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು: "ಎಲ್ಲಿ ಬಿತ್ತು?"

ಖಾಲಿ ಕುರ್ಚಿಯನ್ನು ಅವಳು ಬಹಳ ಹೊತ್ತು ನೋಡುತ್ತ ಕೂತಳು. ಗೋಫರ್‌ಗಳು ಒಂದೊಂದಾಗಿ ಮತ್ತೆ ಎದ್ದು ನಿಂತವು. ನಾನು ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಹಿಂಡುತ್ತಲೇ ಇದ್ದೆ.

ಆರ್ಡಿಸಳಂಥವರು ನಮ್ಮ ಬಯಲಿನ ಮನೆಮನೆಯಲ್ಲೂ ಇದ್ದಾರೆ. ಇನ್ನೊಬ್ಬರ ಕೈಗೆ ಮಾಡಿದ ಸಲಕರಣೆಗಳ ನಡುವೆ ತಮ್ಮ ಮೈಯನ್ನೇ ಬಾಗಿಸಿಕೊಂಡು ಬದುಕಿದವರು ಅವರು. ಆ ಬಾಗನ್ನು ನಾವು ಅವರ ಸ್ವಭಾವ ಎನ್ನುತ್ತೇವೆ, ತಾಳ್ಮೆ ಎನ್ನುತ್ತೇವೆ, ಸತ್ತ ಮೇಲೆ ಒಳ್ಳೆಯತನವೆಂದು ಹಾಡಿ ಹೊಗಳುತ್ತೇವೆ. ಅವರಿಗೆಂದೇ ಮಾಡಿದ ವಸ್ತು ಎಂದಾದರೂ ಎದುರಿಗೆ ಬರುವ ಹೊತ್ತಿಗೆ ಹೆಚ್ಚಾಗಿ ಮನೆ ಖಾಲಿಯಾಗಿರುತ್ತದೆ. ಆಗ ಅದನ್ನು ಮುಟ್ಟುವುದಕ್ಕೂ ಧೈರ್ಯ ಬೇಕು, ಯಾಕೆಂದರೆ ಮುಟ್ಟಿದರೆ ಮನೆ ಖಾಲಿಯಾದದ್ದನ್ನೂ ಒಪ್ಪಬೇಕು.

ಮುಂದಿನದನ್ನು ರಾಯ್ಸ್ ನನಗೆ ಹೇಳಿದ. ಮರುದಿನ ಅಂಗಡಿಯ ಬಾಗಿಲು ತೆರೆಯುವಾಗಲೇ ಅವಳು ಒಬ್ಬಳೇ ಬಂದಿದ್ದಳಂತೆ, ಲೈಲ್‌ನ ಕೋಟಿಲ್ಲದೆ, ತನ್ನ ಸ್ವೆಟರಿನಲ್ಲಿ. ಎಡಗೈ ಬಂದೂಕನ್ನು ಕಟ್ಟೆಯ ಮೇಲಿಡಿಸಿದಳು. ಹೆಗಲಿಗೆ ಆನಿಸುವ ಅದರ ಮರ ಅವಳ ತೋಳಿಗೆ ಉದ್ದವಾಗಿತ್ತು. ಹೊಲಿಗೆಯ ಟೇಪನ್ನು ಕಿಸೆಯಿಂದ ತೆಗೆದು, ತನ್ನ ಮೊಣಕೈಯ ಮಡಿಕೆಯಿಂದ ತೋರುಬೆರಳಿನ ತನಕ ಅಳೆದು, ಅಷ್ಟಕ್ಕೆ ಸರಿಯಾಗಿ ಹಿಂಬದಿಯ ಮರವನ್ನು ಕತ್ತರಿಸಬೇಕು ಎಂದಳು.

ರಾಯ್ಸ್ ಹಿಂಜರಿದ. "ಆರ್ಡಿಸ್, ಒಂದ್ಸಲ ಕತ್ತರಿಸಿದ್ರೆ ಮತ್ತೆ ಅಂಟಿಸೋಕಾಗಲ್ಲ. ಆಮೇಲೆ ಇದು ನಿಮಗ್ ಬಿಟ್ರೆ ಬೇರೆ ಯಾರಿಗೂ ಆಗಲ್ಲ. ನಾಳೆ ಮಾರ್ತೀನಂದ್ರೂ ಯಾರೂ ಕೊಳ್ಳಲ್ಲ. ಡೆಲ್ಮಾರ್‌ನ ಒಂದ್ಮಾತು ಕೇಳ್ತೀರಾ?"

ಅವಳು ನೋಡೋಣ ಎನ್ನಲಿಲ್ಲ. ಅವನ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಕೈಚಾಚಿ ತೆಗೆದುಕೊಂಡು, ಬಂದೂಕನ್ನು ತನ್ನತ್ತ ತಿರುಗಿಸಿ, ಮರದ ಮೇಲೆ ಟೇಪು ಹಿಡಿದು, ಎಡಗೈಯಲ್ಲಿ ನೇರವಾಗಿ ಒಂದು ಗೆರೆ ಎಳೆದಳು.

"ಇಲ್ಲಿಗೆ" ಎಂದಳು.